ಪಂಚಾಯಿತಿ ಇಲ್ಲದ ಊರಿನಲ್ಲಿ ಏಳು ದಿನ

ಐದರಿಂದ ಏಳು ಸಾವಿರ ಜನಸಂಖ್ಯೆಗೆ ಒಂದು ಗ್ರಾಮ ಪಂಚಾಯಿತಿ ಇರಬೇಕೆಂದು ಕರ್ನಾಟಕದ ಪಂಚಾಯತ್ ರಾಜ್ ಕಾನೂನು ಹೇಳುತ್ತದೆ. ಅಷ್ಟು ಜನರಿಗೆ ಒಬ್ಬ ಅಧ್ಯಕ್ಷ, ಒಬ್ಬ ಪಿಡಿಒ, ಒಬ್ಬ ನೀರುಗಂಟಿ, ಗ್ರಾಮಸಭೆ ಮತ್ತು ಗ್ರಾಮಸಭೆಯಲ್ಲೊಂದು ಗಲಾಟೆ ನಮ್ಮಲ್ಲಿ ಸಾಮಾನ್ಯ. ಅಮೆರಿಕದ ಮಯಾಮಿ ಬಂದರಿನಿಂದ ಹೊರಡುವ ದೊಡ್ಡ ಕ್ರೂಸ್ ಹಡಗೊಂದರಲ್ಲಿ ಇದಕ್ಕಿಂತ ಹೆಚ್ಚು ಜನ ಏಳು ರಾತ್ರಿ ಒಟ್ಟಿಗೆ ವಾಸಿಸುತ್ತಾರೆ. ಸಮುದ್ರದ ನೀರನ್ನು ಸಿಹಿ ಮಾಡುವ ಯಂತ್ರ, ವಿದ್ಯುತ್ ಸ್ಥಾವರ, ಕಸದ ವಿಲೇವಾರಿ, ಕಾವಲು ಪಡೆ, ಆಸ್ಪತ್ರೆ, ಕಡೆಗೆ ಪುಟ್ಟದೊಂದು ಶವಾಗಾರವೂ ಆ ಉಕ್ಕಿನ ಗೋಡೆಗಳ ಒಳಗೇ ಇದೆ. ಅಲ್ಲಿಲ್ಲದ್ದು ಗ್ರಾಮಸಭೆ.

ಅಂಥ ಹಡಗೊಂದರಲ್ಲಿ ಒಂದು ವಾರ ಕಳೆಯುವ ಅವಕಾಶ ಮಗಳು ಮತ್ತು ಅಳಿಯನ ಕೃಪೆಯಿಂದ ನನಗೂ ನನ್ನ ಪತ್ನಿಗೂ ಒದಗಿತು. ಮಕ್ಕಳನ್ನು ನೋಡಲು ಅಮೆರಿಕಕ್ಕೆ ಹೋಗುವ ನಿವೃತ್ತರಿಗೆ ನಯಾಗರಾ ಮತ್ತು ಗ್ರ್ಯಾಂಡ್ ಕ್ಯಾನ್ಯನ್ ಆದ ಮೇಲೆ ಮೂರನೆಯ ಬಾಬತ್ತಾಗಿ ಈಗ ಈ ಯಾತ್ರೆ ಸೇರಿಕೊಂಡಿದೆ.

ಮೊದಲಿಗೆ ಗಾತ್ರದ ಮಾತು. 2024ರ ಜನವರಿಯಲ್ಲಿ ಮಯಾಮಿಯಿಂದ ಮೊದಲ ಯಾನ ಹೊರಟ 'ಐಕಾನ್ ಆಫ್ ದ ಸೀಸ್' ಎಂಬ ಹಡಗಿನ ಒಟ್ಟು ಟನ್ನೇಜ್ ಸುಮಾರು 2,48,000. ಟೈಟಾನಿಕ್‌ನದು 46,000ದ ಆಸುಪಾಸು. ಈ ಲೆಕ್ಕ ತೂಕದ್ದಲ್ಲ, ಹಡಗಿನೊಳಗಿನ ಅವಕಾಶದ ಅಳತೆ. ಅಂದರೆ ಐದು ಟೈಟಾನಿಕ್‌ಗಳನ್ನು ನುಂಗಿಯೂ ಸ್ವಲ್ಪ ಜಾಗ ಉಳಿಯುವಷ್ಟು ದೊಡ್ಡದು. ತುಂಬಿದಾಗ ಅದರಲ್ಲಿ 7,600 ಪ್ರಯಾಣಿಕರು, 2,350 ಸಿಬ್ಬಂದಿ ಇರುತ್ತಾರೆ. ನಾವು ಏರಿದ್ದು ಅದಕ್ಕಿಂತ ಸ್ವಲ್ಪ ಹಳೆಯ, ಸ್ವಲ್ಪ ಸಣ್ಣ ಹಡಗು. ಆದರೂ ಮೂರನೆಯ ದಿನದವರೆಗೆ ನಮ್ಮ ಕೋಣೆಗೆ ಹೋಗುವ ದಾರಿಯನ್ನು ಮೊಮ್ಮಗನೇ ತೋರಿಸಬೇಕಾಯಿತು.

ಹಡಗನ್ನು ಏರಿದ ಕೂಡಲೇ ಕೈಗೊಂದು ಕಾರ್ಡು ಬರುತ್ತದೆ. ಅದೇ ಕೋಣೆಯ ಕೀಲಿ, ಅದೇ ಗುರುತಿನ ಚೀಟಿ, ಅದೇ ಹಣದ ಚೀಲ. ಒಳಗೆ ನಗದಿನ ವ್ಯವಹಾರವಿಲ್ಲ. ಹಣ ಕಣ್ಣಿಗೆ ಬೀಳದಿದ್ದರೆ ಖರ್ಚು ಮನಸ್ಸಿಗೆ ತಾಗುವುದಿಲ್ಲವೆಂಬ ವ್ಯಾಪಾರದ ಗುಟ್ಟು ಇಲ್ಲಿ ಪೂರ್ಣಾವಸ್ಥೆಗೆ ಬಂದಿದೆ. ಊಟ ಟಿಕೆಟ್ಟಿನಲ್ಲೇ ಸೇರಿದೆ. ಬೆಳಗಿನಿಂದ ತಡರಾತ್ರಿಯವರೆಗೆ ಎಲ್ಲಾದರೊಂದು ಕಡೆ ತಟ್ಟೆಗಳ ಸದ್ದು ಕೇಳುತ್ತಲೇ ಇರುತ್ತದೆ. ಮದ್ಯಕ್ಕೆ, ಇಂಟರ್‌ನೆಟ್ಟಿಗೆ, ವಿಶೇಷ ಹೋಟೆಲುಗಳಿಗೆ, ನಮ್ಮದೇ ಭಾವಚಿತ್ರವನ್ನು ನಮಗೇ ಮಾರುವ ಛಾಯಾಗ್ರಾಹಕನಿಗೆ ಪ್ರತ್ಯೇಕ ದರ.

ನನಗೆ ಅತ್ಯಂತ ವಿಚಿತ್ರವೆನಿಸಿದ್ದು ಬೇರೊಂದು. ಆ ಹಡಗು ಕಡಲಿಗೆ ಬೆನ್ನು ಹಾಕಿ ನಿಂತ ಕಟ್ಟಡ. ನಡುಭಾಗದಲ್ಲಿ ನಿಜವಾದ ಗಿಡಮರಗಳ ಉದ್ಯಾನ, ಅಂಗಡಿ ಬೀದಿ, ಈಜುಕೊಳಗಳ ಸಾಲು, ಹಿಮದ ಮೇಲೆ ಜಾರುವ ನರ್ತಕರಿಗೊಂದು ಅಂಕಣ. ಸಾವಿರಾರು ಜನ ಸಮುದ್ರದ ನಡುವೆ ಕ್ಲೋರಿನ್ ಬೆರೆಸಿದ ನೀರಿನಲ್ಲಿ ಈಜುತ್ತಿದ್ದರು. ಹೊರಗೆ ಕೆರಿಬಿಯನ್ ಸಮುದ್ರ, ಹೆಸರಿಡಲು ಬಾರದ ನೀಲಿಗಳಲ್ಲಿ, ಯಾರೂ ನೋಡದಿದ್ದರೂ ಬೇಸರಿಸದೆ ಹರಡಿತ್ತು. ಬೆಳಗ್ಗೆ ಐದೂವರೆಗೆ ಮೇಲಿನ ಡೆಕ್ಕಿನಲ್ಲಿ ಸೂರ್ಯೋದಯಕ್ಕೆ ಕಾಯುತ್ತಿದ್ದವರು ನಾವಿಬ್ಬರು, ಜಪಾನಿನ ಒಬ್ಬ ವೃದ್ಧೆ ಮತ್ತು ನೆಲ ಒರೆಸುವ ಹುಡುಗರು. ಸುಖವಾಗಿತ್ತೇ ಎಂದು ಕೇಳಿದರೆ, ಇತ್ತು ಎಂದೇ ಹೇಳಬೇಕು. ಮಂಡಿನೋವಿನ ಪತ್ನಿ ಒಂದು ಮೆಟ್ಟಿಲನ್ನೂ ಹತ್ತದೆ ಮೂರು ದೇಶ ನೋಡಿದಳು. ಇದನ್ನು ಹಗುರವಾಗಿ ಕಾಣುವ ವಯಸ್ಸು ನಮ್ಮದಲ್ಲ.

ಮೂರು ದೇಶಗಳಲ್ಲಿ ಹಡಗು ಏಕೆ ನಿಲ್ಲುತ್ತದೆ ಎಂಬುದಕ್ಕೂ ಒಂದು ಕಥೆಯಿದೆ. ಹಡಗಿನ ಹಿಂಭಾಗದಲ್ಲಿ ಹಾರುವುದು ಬಹಾಮಾಸ್‌ನ ಧ್ವಜ. ಯಜಮಾನರ ಕಚೇರಿ ಫ್ಲಾರಿಡಾದಲ್ಲಿ, ಪ್ರಯಾಣಿಕರಲ್ಲಿ ಬಹುಪಾಲು ಅಮೆರಿಕನ್ನರು, ನೋಂದಣಿ ಮಾತ್ರ ಪುಟ್ಟ ದ್ವೀಪರಾಷ್ಟ್ರದಲ್ಲಿ. ಈ ಉದ್ಯಮದ ದೈತ್ಯರಲ್ಲೊಂದಾದ ರಾಯಲ್ ಕೆರಿಬಿಯನ್ ಕಂಪೆನಿಯೇ ಕಾನೂನಿನ ಕಣ್ಣಿಗೆ ಪಶ್ಚಿಮ ಆಫ್ರಿಕದ ಲೈಬೀರಿಯಾದ ಸಂಸ್ಥೆ. ಇದರಲ್ಲಿ ಕಾನೂನುಬಾಹಿರವಾದದ್ದೇನೂ ಇಲ್ಲ. ವಿದೇಶಿ ಹಡಗು ಕಂಪೆನಿಗಳ ಅಂತರರಾಷ್ಟ್ರೀಯ ಸಾಗಣೆಯ ಆದಾಯಕ್ಕೆ ಷರತ್ತುಬದ್ಧ ವಿನಾಯಿತಿಯನ್ನು ಅಮೆರಿಕದ ತೆರಿಗೆ ಕಾನೂನೇ ಕೊಟ್ಟಿದೆ. ದುಡಿಮೆಯ ನಿಯಮಗಳೂ ಮುಖ್ಯವಾಗಿ ಧ್ವಜದ ದೇಶದವೇ. ಆದರೆ ವಿದೇಶಿ ಧ್ವಜದ ಹಡಗು ಅಮೆರಿಕದ ಬಂದರುಗಳ ನಡುವೆಯೇ ಪ್ರಯಾಣಿಕರನ್ನು ಸಾಗಿಸಬಾರದೆಂದು 1886ರ ಕಾನೂನೊಂದು ತಡೆಯುತ್ತದೆ. ಹಾಗಾಗಿ ಮಯಾಮಿಯಿಂದ ಹೊರಟು ಮಯಾಮಿಗೇ ಮರಳುವ ಹಡಗು ನಡುವೆ ಒಮ್ಮೆಯಾದರೂ ಪರದೇಶವನ್ನು ಮುಟ್ಟಲೇಬೇಕು.

ಮುಟ್ಟುವ ಬಗೆಯೂ ಈಗ ಬದಲಾಗಿದೆ. ಕಂಪೆನಿಗಳು ದ್ವೀಪಗಳನ್ನೇ ಕೊಂಡೋ ಗುತ್ತಿಗೆಗೆ ಪಡೆದೋ ಖಾಸಗಿ ಕಡಲತೀರಗಳನ್ನು ಮಾಡಿಕೊಂಡಿವೆ. ಹಡಗಿನ ಕಾರ್ಡೇ ಅಲ್ಲಿಯೂ ಚಲಾವಣೆ. ಹೈಟಿ ದೇಶದ ಲಬಾಡಿ ಎಂಬ ತೀರ ಇಂಥದೇ ಒಂದು. ಸುತ್ತ ಬೇಲಿ, ಬೇಲಿಗೆ ಕಾವಲು. 2010ರ ಜನವರಿ 12ರಂದು ಹೈಟಿಯ ರಾಜಧಾನಿಯನ್ನು ಭೂಕಂಪ ನೆಲಸಮ ಮಾಡಿದ ಮೂರೇ ದಿನಗಳಲ್ಲಿ ಆ ತೀರದಲ್ಲಿ ಕ್ರೂಸ್ ಹಡಗು ಲಂಗರು ಹಾಕಿತು. ಹಡಗು ಪರಿಹಾರ ಸಾಮಗ್ರಿಯನ್ನೂ ತಂದಿತ್ತು, ಬಿಸಿಲು ಕಾಯಿಸಲು ಬಂದವರನ್ನೂ ತಂದಿತ್ತು. ಇಳಿಯಬೇಕೋ ಬೇಡವೋ ಎಂದು ಪ್ರಯಾಣಿಕರಲ್ಲೇ ಅಂದು ಭಿನ್ನಾಭಿಪ್ರಾಯ ಮೂಡಿತ್ತು. ನಾವು ಇಳಿದದ್ದು ಮೆಕ್ಸಿಕೋದ ಕೊಜುಮೆಲ್‌ನಲ್ಲಿ. ನಾಲ್ಕು ಹಡಗುಗಳು ಒಟ್ಟಿಗೆ ನಿಂತಿದ್ದವು. ಕಟ್ಟೆಯಿಂದ ಹೊರಬರುವ ದಾರಿ ವಜ್ರದ ಅಂಗಡಿಗಳ ಮೂಲಕವೇ ಹಾದುಹೋಗುತ್ತಿತ್ತು.

ಎರಡನೆಯ ರಾತ್ರಿ ಊಟದ ಮೇಜಿನಲ್ಲಿ ಪತ್ನಿ ನನ್ನೊಡನೆ ಸಾರಿನ ಬಗ್ಗೆ ಏನೋ ಗೊಣಗಿದಳು. ನೀರು ಬಡಿಸುತ್ತಿದ್ದ ಯುವಕ ಕೈ ತಡೆದು ನಿಂತ. ಅಂಗಿಯ ಮೇಲಿನ ಬಿಲ್ಲೆಯಲ್ಲಿ ಅವನ ಹೆಸರಿನ ಕೆಳಗೆ 'ಇಂಡಿಯಾ' ಎಂದಷ್ಟೇ ಇತ್ತು.

"ಬೆಂಗಳೂರಿನವರಾ ಸಾರ್?"

"ಹೌದಪ್ಪ. ನೀನು?"

"ಮೂಡುಬಿದಿರೆ. ಇಲ್ಲಿ ಊರ ಕಡೆಯವರು ಹದಿನಾಲ್ಕು ಜನ ಇದ್ದೇವೆ. ತುಳು ದಿನಾ ಮಾತಾಡ್ತೇವೆ. ಟೇಬಲ್ಲಿನಲ್ಲಿ ಕೂತವರ ಬಾಯಲ್ಲಿ ಕನ್ನಡ ಕೇಳಿದ್ದು ಇದೇ ಮೊದಲು."

ಮರುದಿನದಿಂದ ನಮ್ಮ ಮೇಜಿಗೆ ಬೇಳೆ ಮತ್ತು ಅನ್ನ ಬರತೊಡಗಿತು. ಅದಕ್ಕಿಂತ ಮುಖ್ಯವಾಗಿ, ಹಡಗಿನ ಕೆಳಗಿನ ಅರ್ಧದ ವೃತ್ತಾಂತ ಬಿಡಿಬಿಡಿಯಾಗಿ ಬರತೊಡಗಿತು. ನೀರಿನ ಮಟ್ಟಕ್ಕಿಂತ ಕೆಳಗೆ, ಕಿಟಕಿಯಿಲ್ಲದ ಕೋಣೆಯಲ್ಲಿ ಒಂದರ ಮೇಲೊಂದು ಮಂಚ. ಇಬ್ಬರಿಗೆ ಒಂದು ಕೋಣೆ. ಹಡಗಿನ ಉದ್ದಕ್ಕೂ ಸಾಗುವ ಸಿಬ್ಬಂದಿಯ ಓಣಿಗೆ ಅಮೆರಿಕದ ಹೆದ್ದಾರಿಯ ಹೆಸರು, 'ಐ-95'. ಒಪ್ಪಂದದ ತಿಂಗಳುಗಳಲ್ಲಿ ವಾರದ ರಜೆ ಎಂಬುದಿಲ್ಲ. ಬೆಳಗಿನ ಉಪಾಹಾರ, ಮಧ್ಯಾಹ್ನದ ಊಟ, ರಾತ್ರಿಯ ಊಟ ಮೂರಕ್ಕೂ ನಿಲ್ಲಬೇಕು. ನಡುವಿನ ಎರಡು ಮೂರು ತಾಸು ನಿದ್ದೆಗೆ. ಪ್ರತಿ ಪ್ರಯಾಣಿಕನಿಂದ ದಿನಕ್ಕೆ 16ರಿಂದ 20 ಡಾಲರ್‌ನಂತೆ ಕಂಪೆನಿಗಳು ಸೇವಾಶುಲ್ಕವನ್ನು ತಾವೇ ಬಿಲ್ಲಿಗೆ ಸೇರಿಸುತ್ತವೆ. ಇಂಥವರ ಸಂಪಾದನೆಯ ಬಹುಭಾಗ ಅದರಿಂದಲೇ. ಕೊನೆಯ ದಿನ ಕೌಂಟರಿನ ಮುಂದೆ ಸಾಲುನಿಂತು ಆ ಶುಲ್ಕವನ್ನು ತೆಗೆಸಿಹಾಕುವ ಪ್ರಯಾಣಿಕರನ್ನು ನಾನು ಕಂಡೆ. ಅವರಲ್ಲಿ ಕೆಲವರು ನಮ್ಮವರೇ ಆಗಿದ್ದರೆಂಬುದನ್ನು ಮುಚ್ಚಿಡಬೇಕಿಲ್ಲ.

ಕಾನೂನು ಇಲ್ಲವೆಂದಲ್ಲ. ಕಡಲ ಕಾರ್ಮಿಕರ ಹಕ್ಕುಗಳಿಗಾಗಿ 2006ರಲ್ಲಿ ರೂಪುಗೊಂಡ ಅಂತರರಾಷ್ಟ್ರೀಯ ಒಪ್ಪಂದ 2013ರ ಆಗಸ್ಟ್‌ನಲ್ಲಿ ಜಾರಿಗೆ ಬಂತು. ಭಾರತ 2015ರಲ್ಲಿ ಅದನ್ನು ಅಂಗೀಕರಿಸಿತು. ಕೆಲಸ ವಾರಕ್ಕೆ 72 ಗಂಟೆ ಮೀರಬಾರದು, ಇಲ್ಲವೇ ವಿಶ್ರಾಂತಿ ವಾರಕ್ಕೆ 77 ಗಂಟೆಗಿಂತ ಕಡಿಮೆಯಾಗಬಾರದು, ಈ ಎರಡರಲ್ಲಿ ಒಂದನ್ನು ದೇಶಗಳು ಆರಿಸಿಕೊಳ್ಳಬಹುದು ಎನ್ನುತ್ತದೆ ಅದು. ವಾರದಲ್ಲಿ 168 ಗಂಟೆ. 77 ಕಳೆದರೆ 91. ಎರಡನೆಯ ದಾರಿ ಹಿಡಿದರೆ ಎಷ್ಟು ದುಡಿಸಬಹುದೆಂಬುದನ್ನು ಓದುಗರೇ ಲೆಕ್ಕ ಹಾಕಬಹುದು. ಉದ್ಯೋಗ ಕೊಡಿಸುವ ಏಜೆಂಟ್ ನಾವಿಕನಿಂದ ಶುಲ್ಕ ಪಡೆಯಬಾರದೆಂದೂ ಅದೇ ಒಪ್ಪಂದ ಹೇಳುತ್ತದೆ. ನಮ್ಮ ಹುಡುಗ ಮೊದಲ ಒಪ್ಪಂದಕ್ಕೆ ಮುಂಬೈನ ಏಜೆಂಟನೊಬ್ಬನಿಗೆ ಕೊಟ್ಟ ಹಣಕ್ಕೆ ಅಮ್ಮನ ಬಳೆ ಅಡವಿಗೆ ಹೋಗಿತ್ತು. ರಸೀದಿ ಕೇಳಿದೆಯಾ ಎಂದೆ. ನಕ್ಕುಬಿಟ್ಟ. 'ಹಡಗಿನ ಕೆಲಸ' ಎಂದೊಡನೆ ಮನೆಯಲ್ಲಿ ಹಬ್ಬದ ವಾತಾವರಣ ಮೂಡುವ ಕರಾವಳಿಯ ಊರುಗಳಲ್ಲಿ, ಏಜೆಂಟನಿಗೆ ನೌಕಾಯಾನ ಮಹಾನಿರ್ದೇಶನಾಲಯದ ಪರವಾನಗಿ ಇದೆಯೇ ಎಂದು ಮೊದಲು ವಿಚಾರಿಸುವಂತೆ ತಿಳಿಹೇಳುವ ಕೆಲಸ ಇನ್ನೂ ಸಾಲದು.

ಬಡಿಸುವವನು ಬಡಿಸುವವನು ಮಾತ್ರ ಎಂದೂ ತಿಳಿಯಬಾರದು. ಅವನೂ ಸುರಕ್ಷಾ ತರಬೇತಿ ಪಡೆದ ನಾವಿಕ. ಮೊದಲ ದಿನ ಎಲ್ಲರೂ ತಮಗೆ ನಿಗದಿಯಾದ ಜಾಗಕ್ಕೆ ಹೋಗಿ ಹಾಜರಿ ಹಾಕಿಸಬೇಕು. ಅಲ್ಲಿ ಜೀವರಕ್ಷಕ ಜಾಕೆಟ್ ತೊಡುವ ಬಗೆಯನ್ನು ಮೈಕಾಸುರನಂತೆ ಕೂಗಿ ಹೇಳುತ್ತಿದ್ದವನು ಆಮೇಲೆ ನಮಗೆ ಐಸ್‌ಕ್ರೀಂ ಕೊಡುವವನಾಗಿ ಕಾಣಿಸಿಕೊಂಡ. 2012ರ ಜನವರಿ 13ರಂದು ಇಟಲಿಯ ಜಿಲ್ಯೊ ದ್ವೀಪದ ಬಂಡೆಗೆ ಬಡಿದು 'ಕೋಸ್ಟಾ ಕಾಂಕಾರ್ಡಿಯಾ' ಮಗುಚಿದಾಗ, ಅದೇ ಸಂಜೆ ಹತ್ತಿದ ನೂರಾರು ಪ್ರಯಾಣಿಕರಿಗೆ ಈ ಕವಾಯತು ನಡೆದಿರಲೇ ಇಲ್ಲ. ಹಡಗು ಹೊರಡುವ ಮುನ್ನ ಅಥವಾ ಹೊರಟ ಕೂಡಲೇ ಕವಾಯತು ಮುಗಿಯಬೇಕೆಂಬ ನಿಯಮ ಬಂದದ್ದು ಆ ದುರಂತದ ನಂತರ. ಸತ್ತ 32 ಮಂದಿಯಲ್ಲಿ ಕೊನೆಯದಾಗಿ, ಸುಮಾರು ಮೂರು ವರ್ಷಗಳ ಬಳಿಕ ಅವಶೇಷ ಸಿಕ್ಕಿದ್ದು ಒಬ್ಬ ಭಾರತೀಯ ವೇಟರ್‌ನದು. ನೌಕೆಯನ್ನು ಮುಂಚೆಯೇ ಬಿಟ್ಟಿಳಿದ ಕಪ್ತಾನನಿಗೆ 16 ವರ್ಷಗಳ ಸಜೆಯಾಯಿತು.

2020ರ ಫೆಬ್ರುವರಿಯಲ್ಲಿ ಜಪಾನಿನ ಯೊಕೊಹಾಮದಲ್ಲಿ ದಿಗ್ಬಂಧನಕ್ಕೊಳಗಾದ 'ಡೈಮಂಡ್ ಪ್ರಿನ್ಸೆಸ್' ಇನ್ನೊಂದು ಬಗೆಯ ಪಾಠ. ಅದರಲ್ಲಿದ್ದವರು 3,711 ಜನ. ಕೋವಿಡ್ ತಗುಲಿದ್ದು 712 ಮಂದಿಗೆ. ಪ್ರಯಾಣಿಕರಿಗೆ ತಮ್ಮ ತಮ್ಮ ಕೋಣೆಗಳಲ್ಲಿ ಪ್ರತ್ಯೇಕವಾಸ. ಅವರ ಬಾಗಿಲಿಗೆ ಊಟ ಮುಟ್ಟಿಸುತ್ತಿದ್ದ ಸಿಬ್ಬಂದಿ ಮಾತ್ರ ಜೋಡಿ ಮಂಚದ ಕೋಣೆಗಳಲ್ಲೇ ಮಲಗಿ, ಒಂದೇ ಊಟದ ಮನೆಯಲ್ಲಿ ಉಣ್ಣುತ್ತಿದ್ದರು. ಸಿಬ್ಬಂದಿಯಲ್ಲಿ 132 ಮಂದಿ ಭಾರತೀಯರಿದ್ದರು. ರೋಗಾಣುವಿಗೆ ದರ್ಜೆಯ ಭೇದ ತಿಳಿಯದಿದ್ದರೂ ದಿಗ್ಬಂಧನದ ನಿಯಮಕ್ಕೆ ಚೆನ್ನಾಗಿ ತಿಳಿದಿತ್ತು.

ಇಷ್ಟು ದೊಡ್ಡ ಊರಿನ ಕೊಳೆ ಎಲ್ಲಿಗೆ ಹೋಗುತ್ತದೆ? ಹೊಸ ಹಡಗುಗಳಲ್ಲಿ ಒಳ್ಳೆಯ ಶುದ್ಧೀಕರಣ ಘಟಕಗಳಿವೆ. ಆದರೆ ಅಂತರರಾಷ್ಟ್ರೀಯ ನಿಯಮದ ಪ್ರಕಾರ ತೀರದಿಂದ 12 ನಾಟಿಕಲ್ ಮೈಲಿ ದಾಟಿದ ಮೇಲೆ ಶುದ್ಧೀಕರಿಸದ ಶೌಚನೀರನ್ನೂ ಸಾಗುತ್ತಲೇ ಬಿಡಬಹುದು. ನಿಯಮ ಮೀರಿದವರೂ ಇದ್ದಾರೆ. ಎಣ್ಣೆ ಬೆರೆತ ನೀರನ್ನು ಗುಟ್ಟಿನ ಕೊಳವೆಯ ಮೂಲಕ ಸಮುದ್ರಕ್ಕೆ ಸುರಿದದ್ದಕ್ಕಾಗಿ ಪ್ರಿನ್ಸೆಸ್ ಕ್ರೂಸಸ್ ಕಂಪೆನಿ ನಾಲ್ಕು ಕೋಟಿ ಡಾಲರ್ ದಂಡ ತೆರಲು ಒಪ್ಪಿದ್ದು 2016ರಲ್ಲಿ. ಅದನ್ನು ಹೊರಗೆಡಹಿದವನು ಹೊಸದಾಗಿ ಸೇರಿದ್ದ ಒಬ್ಬ ಎಂಜಿನಿಯರ್. ಬಂದರು ನಗರಗಳೂ ಎಚ್ಚೆತ್ತುಕೊಂಡಿವೆ. ವೆನಿಸ್ ನಗರದ ಹೃದಯಭಾಗದ ಕಾಲುವೆಯಿಂದ 2021ರ ಆಗಸ್ಟ್‌ನಲ್ಲಿ ದೊಡ್ಡ ಹಡಗುಗಳನ್ನು ಹೊರಗಿಡಲಾಯಿತು. ಫ್ಲಾರಿಡಾದ ಕೀ ವೆಸ್ಟ್ ಪಟ್ಟಣದ ಜನ 2020ರಲ್ಲಿ ಮತ ಹಾಕಿ ಹಡಗುಗಳ ಗಾತ್ರಕ್ಕೆ ಮಿತಿ ಹಾಕಿದರು. ಮರುವರ್ಷವೇ ರಾಜ್ಯದ ಶಾಸನಸಭೆ ಆ ತೀರ್ಪನ್ನು ಅಳಿಸಿಹಾಕಿತು.

ನಮ್ಮ ಪಾಲಿಗೆ ಈ ಪ್ರಶ್ನೆ ದೂರದ್ದಲ್ಲ. ಕ್ರೂಸ್ ಪ್ರಯಾಣಿಕರ ಸಂಖ್ಯೆಯನ್ನು 2029ರ ವೇಳೆಗೆ ಇಮ್ಮಡಿಗೊಳಿಸುವ ಗುರಿಯಿಟ್ಟು ಕೇಂದ್ರ ಸರ್ಕಾರ 2024ರ ಸೆಪ್ಟೆಂಬರ್‌ನಲ್ಲಿ 'ಕ್ರೂಸ್ ಭಾರತ್ ಮಿಷನ್' ಆರಂಭಿಸಿದೆ. ಮಳೆಗಾಲ ಮುಗಿದ ಮೇಲೆ ಪಣಂಬೂರಿನ ನವಮಂಗಳೂರು ಬಂದರಿಗೆ ವಿದೇಶಿ ಹಡಗುಗಳು ಬರುತ್ತವೆ. ಬೆಳಗ್ಗೆ ಬಂದು ಸಂಜೆ ಹೊರಡುತ್ತವೆ. ಚೆಂಡೆ, ಆರತಿಗಳ ಸ್ವಾಗತ. ಆಮೇಲೆ ಬಸ್ಸುಗಳಲ್ಲಿ ಕಾರ್ಕಳದ ಗೊಮ್ಮಟ, ಮೂಡುಬಿದಿರೆಯ ಸಾವಿರ ಕಂಬದ ಬಸದಿ, ಗೇರುಬೀಜದ ಕಾರ್ಖಾನೆ. ಊಟಕ್ಕೂ ನಿದ್ದೆಗೂ ಹಡಗೇ ಇರುವವರು ದಡದಲ್ಲಿ ಎಷ್ಟು ಖರ್ಚು ಮಾಡಿಯಾರು? ಬಂದವರ ತಲೆಯೆಣಿಕೆ ಪತ್ರಿಕೆಗಳಲ್ಲಿ ಅಚ್ಚಾಗುತ್ತದೆ. ಅವರಿಂದ ಆಟೋದವನಿಗೆ, ಎಳನೀರಿನವನಿಗೆ, ಮಾರುಕಟ್ಟೆಯ ಹೂವಿನವಳಿಗೆ ಏನು ಸಿಕ್ಕಿತು ಎಂಬ ಲೆಕ್ಕವನ್ನೂ ಬಂದರಿನವರು ವರ್ಷಕ್ಕೊಮ್ಮೆ ಪ್ರಕಟಿಸಿದರೆ, ಹೊಸ ಟರ್ಮಿನಲ್‌ಗಳಿಗೆ ಹಣ ಸುರಿಯುವ ಮುನ್ನ ಚರ್ಚಿಸಲು ನಮಗೊಂದು ಆಧಾರ ಸಿಗುತ್ತದೆ.

ಪಣಂಬೂರಿನ ಮಾತನ್ನು ನಾನು ಕೊನೆಯ ರಾತ್ರಿ ಊಟದ ಹೊತ್ತಿನಲ್ಲಿ ಎತ್ತಿದೆ. ಹುಡುಗನಿಗೆ ಬಿಡುವಿರಲಿಲ್ಲ. ಮರುದಿನ ಬೆಳಗ್ಗೆ ನಾವು ಸಾವಿರಾರು ಜನ ಇಳಿಯಬೇಕು, ಮಧ್ಯಾಹ್ನದೊಳಗೆ ಅಷ್ಟೇ ಜನ ಹತ್ತಬೇಕು. ತಟ್ಟೆಗಳನ್ನು ಜೋಡಿಸಿಕೊಳ್ಳುತ್ತಲೇ ಹೇಳಿದ: ಎರಡು ವರ್ಷದ ಹಿಂದೆ ಬೇರೆ ಹಡಗಿನಲ್ಲಿದ್ದಾಗ ಅವನೂ ಅಲ್ಲಿಗೆ ಬಂದಿದ್ದನಂತೆ. ಮನೆಗೆ ಅಲ್ಲಿಂದ ಒಂದು ಗಂಟೆಯ ದಾರಿ. ಅಂದು ಮಧ್ಯಾಹ್ನದ ಊಟದ ಡ್ಯೂಟಿ ಇದ್ದುದರಿಂದ ಇಳಿಯಲಾಗಲಿಲ್ಲ. ಸಂಜೆ ಅವನ ಮೇಜಿನ ಬ್ರಿಟಿಷ್ ದಂಪತಿ ಫೋನಿನಲ್ಲಿ ಬಸದಿಯ ಚಿತ್ರಗಳನ್ನು ತೋರಿಸಿ, ಇದನ್ನು ನೋಡಿದ್ದೀಯಾ ಎಂದು ಕೇಳಿದರು.

"ನೀನು ಏನೆಂದೆ?"

"ನಾನು ಶಾಲೆಗೆ ಹೋಗ್ತಿದ್ದುದೇ ಆ ದಾರಿಯಲ್ಲಿ ಸಾರ್. ಒಂದು ಫೋಟೊದಲ್ಲಿ ಹಿಂದೆ ನಮ್ಮ ಮಾವನ ಅಂಗಡಿ ಕಾಣ್ತಿತ್ತು. ಅದನ್ನು ಸ್ವಲ್ಪ ದೊಡ್ಡದು ಮಾಡಿ ತೋರಿಸಿ ಅಂದೆ."