ಹಾಡಿಗೆ ಯಾವ ಮೈಕು, ಪಿಯಾನೋಗೆ ಯಾವ ಮೈಕು?

ಊರು ಬಿಟ್ಟು ಬಂದ ನಮ್ಮವರಲ್ಲಿ ಹಾಡುವವರಿಗೇನೂ ಕೊರತೆಯಿಲ್ಲ. ಹಗಲೆಲ್ಲ ಲೆಕ್ಕ ಬರೆದು, ಇಲ್ಲವೆ ಲೇತಿನ ಮುಂದೆ ನಿಂತು, ಸಂಜೆಗೆ ದಾಸರ ಪದವನ್ನೊ ಭಾವಗೀತೆಯನ್ನೊ ಹಾಡುವವರು ಪ್ರತಿಯೊಂದು ಕನ್ನಡ ಸಂಘದಲ್ಲಿಯೂ ಇದ್ದಾರೆ. ಈಚೆಗೆ ಇವರಲ್ಲಿ ಅನೇಕರಿಗೆ ತಮ್ಮ ಹಾಡನ್ನು ತಾವೇ ಮುದ್ರಿಸಿಕೊಳ್ಳಬೇಕೆಂಬ ಹಂಬಲ ಹುಟ್ಟಿದೆ. ಒಂದು ಕಂಪ್ಯೂಟರು, ಅದಕ್ಕೆ ಜೋಡಿಸುವ ಒಂದು ಸಣ್ಣ ಪೆಟ್ಟಿಗೆ, ಒಂದು ಕಂಡೆನ್ಸರ್ ಮೈಕು ಇಷ್ಟಿದ್ದರೆ ಮನೆಯೇ ಸ್ಟುಡಿಯೋ ಎಂದು ಅಂಗಡಿಯವರು ಹೇಳುತ್ತಾರೆ. ಮೈಕುಗಳ ಬೆಲೆಯೋ ಕೆಲವು ಸಾವಿರದಿಂದ ಹಿಡಿದು ಲಕ್ಷಗಳವರೆಗೆ ಇದೆ. ಊರಿಗೆ ಕಳಿಸಿ ಉಳಿದ ಹಣದಲ್ಲಿ ಇದನ್ನು ಕೊಳ್ಳುವವನು ಬೆಲೆಯ ಈ ಅಂತರದಲ್ಲಿ ಕಿವಿಗೆ ಸಿಕ್ಕುವುದೆಷ್ಟು, ಬರಿಯ ಹೆಸರಿಗೆ ಹೋಗುವುದೆಷ್ಟು ಎಂದು ತಿಳಿದಿರುವುದು ಒಳ್ಳೆಯದು.

ಕಂಡೆನ್ಸರ್ ಎಂಬ ಮಾತು ನಮಗೆ ಹೊಸದಲ್ಲ. ಫ್ಯಾನು ನಿಧಾನವಾದರೆ ಎಲೆಕ್ಟ್ರಿಷಿಯನ್ ಬದಲಾಯಿಸುವುದು ಅದನ್ನೇ. ಎದುರುಬದುರಾಗಿ ನಿಂತು ವಿದ್ಯುತ್ತನ್ನು ಹಿಡಿದಿಡುವ ಎರಡು ತಟ್ಟೆಗಳು, ಅಷ್ಟೆ. ಮೈಕಿನಲ್ಲಿ ಈ ಎರಡರಲ್ಲೊಂದು ಅಲುಗಾಡುವ ಪೊರೆ. ಕೂದಲೆಳೆಯ ಹತ್ತನೆಯ ಒಂದು ಪಾಲಿನಷ್ಟು ತೆಳುವಾದ ಪ್ಲಾಸ್ಟಿಕ್ ಹಾಳೆಗೆ ಚಿನ್ನದ ಲೇಪ ಕೊಟ್ಟು ಬಿಗಿದಿರುತ್ತಾರೆ. ಅದರ ಹಿಂದೆ, ತೀರ ಹತ್ತಿರದಲ್ಲಿ, ರಂಧ್ರಗಳುಳ್ಳ ಲೋಹದ ತಟ್ಟೆ. ದನಿ ಬಂದು ತಾಗಿದಾಗ ಪೊರೆ ನಡುಗುತ್ತದೆ. ಎರಡರ ನಡುವಣ ಅಂತರ ಬದಲಾಗುತ್ತದೆ. ಅದರಂತೆ ವಿದ್ಯುತ್ತಿನ ಒತ್ತಡವೂ ಏರಿಳಿಯುತ್ತದೆ. ಆದರೆ ಈ ಏರಿಳಿತ ಎಷ್ಟು ಸೂಕ್ಷ್ಮವೆಂದರೆ, ತಂತಿಯಲ್ಲಿ ನಾಲ್ಕು ಮಾರು ಹೋಗುವಷ್ಟರಲ್ಲಿ ನಶಿಸಿಹೋದೀತು. ಆದುದರಿಂದ ಮೈಕಿನ ಹೊಟ್ಟೆಯೊಳಗೇ ಒಂದು ವಾಲ್ವನ್ನೊ ಟ್ರಾನ್ಸಿಸ್ಟರನ್ನೊ ಇಟ್ಟು ಅದಕ್ಕೆ ಬಲ ಕೊಡುತ್ತಾರೆ. ಸಭೆಗಳಲ್ಲಿ ಭಾಷಣಕಾರರು ಕೈಯಲ್ಲಿ ಹಿಡಿಯುವ ಮೈಕು ಡೈನಮಿಕ್ ಜಾತಿಯದು. ಅದರ ಪೊರೆಗೆ ತಾಮ್ರದ ತಂತಿಯ ಸುರುಳಿ ಅಂಟಿಕೊಂಡಿರುವುದರಿಂದ ಅದು ಭಾರ, ಸೂಕ್ಷ್ಮ ದನಿಗೆ ಅಷ್ಟು ಬೇಗ ಅಲುಗುವುದಿಲ್ಲ. ಅಂದ ಹಾಗೆ, ನಮ್ಮ ಜೇಬಿನ ಮೊಬೈಲಿನಲ್ಲಿರುವ ಸಾಸಿವೆಯಷ್ಟು ಸಣ್ಣ ಮೈಕೂ ಸಾಮಾನ್ಯವಾಗಿ ಕಂಡೆನ್ಸರ್ ಜಾತಿಯದೇ.

1916ರಲ್ಲಿ ಅಮೆರಿಕದ ಇ. ಸಿ. ವೆಂಟೆ ಎಂಬ ವಿಜ್ಞಾನಿ ಇದನ್ನು ಮೊದಲು ರೂಪಿಸಿದರು. 1928ರಲ್ಲಿ ಬರ್ಲಿನ್ನಿನ ಗೇಯಾರ್ಗ್ ನಾಯ್ಮನ್ ಇದನ್ನು ಮಾರಾಟದ ಸರಕಾಗಿ ಮಾಡಿದರು. ಈಗಲೂ ಸ್ಟುಡಿಯೋದವರು ಹೊಸ ಮೈಕುಗಳನ್ನು ತೂಗಿ ನೋಡುವುದು ಅವರ ಸಂಸ್ಥೆಯ ಹಳೆಯ ಮೈಕುಗಳೊಡನೆಯೇ.

ಅವುಗಳಲ್ಲಿ ಹಿರಿಯಣ್ಣ ಯು 47. ಅದು ಬಂದದ್ದು 1949ರಲ್ಲಿ. ಅಮೆರಿಕದ ಫ್ರಾಂಕ್ ಸಿನಾಟ್ರಾ ಇದರ ಮುಂದೆ ಹಾಡಿದರು. ಲಂಡನ್ನಿನಲ್ಲಿ ಬೀಟಲ್ಸ್ ತಂಡದವರು ಇದರ ಮತ್ತು ಇದರ ತಮ್ಮನಾದ ಯು 48ರ ಮುಂದೆ ಹಾಡಿದರು. ಇದರ ದನಿಯಲ್ಲಿ ಎದೆಯ ತುಂಬು ಹೆಚ್ಚು. ಗಾಯಕ ನಮ್ಮ ಮುಂದೆಯೇ ಕುಳಿತು ಹಾಡುತ್ತಿರುವಂತೆ ಕೇಳುತ್ತದೆ. ಇದರೊಳಗಿನ ವಿಎಫ್ 14 ಎಂಬ ವಾಲ್ವನ್ನು ಟೆಲಿಫುಂಕೆನ್ ಕಂಪನಿ ನಿಲ್ಲಿಸಿಬಿಟ್ಟಾಗ ನಾಯ್ಮನ್ ಸಂಸ್ಥೆ ಬೇರೆ ದಾರಿ ಹುಡುಕಬೇಕಾಯಿತು; 1960ರಲ್ಲಿ ಬೇರೊಂದು ವಾಲ್ವಿನ ಯು 67 ಹೊರಬಂದಿತು. ಅದು ಮೃದು, ಸಮಾಧಾನದ ದನಿಯ ಮೈಕು. 1967ರಲ್ಲಿ ವಾಲ್ವನ್ನೇ ಬಿಟ್ಟು ಟ್ರಾನ್ಸಿಸ್ಟರಿನ ಯು 87 ಬಂದಿತು. ಇಂದು ಲೋಕದ ಸ್ಟುಡಿಯೋಗಳಲ್ಲಿ ಹೆಚ್ಚು ಕಾಣುವ ಮೈಕುಗಳಲ್ಲಿ ಇದೊಂದು. ಮಾತಿನ ಸ್ಪಷ್ಟತೆಗೆ ಬೇಕಾದ ನಡುವಣ ಕಂಪನಗಳನ್ನು ಇದು ಸ್ವಲ್ಪ ಮುಂದಕ್ಕೆ ತಂದು ಕೂರಿಸುತ್ತದೆ. ಇವೆಲ್ಲ ಜರ್ಮನಿಯವು. ಆಸ್ಟ್ರಿಯದ ವಿಯೆನ್ನಾದಲ್ಲಿ ಎ.ಕೆ.ಜಿ. ಸಂಸ್ಥೆ 1953ರಲ್ಲಿ ಮಾಡಿದ ಸಿ 12 ಬೇರೆಯೇ ಮನೆತನದ್ದು. ಅದರ ದನಿ ಹಗುರ. ಮೇಲುಗಡೆಯ ಕಂಪನಗಳಲ್ಲಿ ಗಾಳಿಯಾಡಿದಂತೆ ಒಂದು ಬಿಚ್ಚುತನ.

ಹಾಗಾದರೆ ಇವುಗಳಲ್ಲಿ ಮೇಲು ಯಾವುದು ಎಂದು ಕೇಳಿದರೆ, ಯಾರ ಕಂಠಕ್ಕೆ ಎಂದು ಮರುಪ್ರಶ್ನೆ ಹಾಕಬೇಕಾಗುತ್ತದೆ. ತೆಳ್ಳಗಿನ ಏರುಕಂಠದ ಹೆಣ್ಣುಮಗಳು ಸಿ 12ರ ಮುಂದೆ ಹಾಡಿದರೆ ಆ ದನಿ ಮತ್ತಷ್ಟು ತೆಳುವಾದೀತು. ಯು 47 ಅದಕ್ಕೆ ಮೈ ಕೊಡುತ್ತದೆ. ಗಡಸು ಗಂಡುದನಿಯೊಂದು ಅದೇ ಯು 47ಕ್ಕೆ ಬಾಯಿ ಹಚ್ಚಿ ಹಾಡಿದರೆ ಮಡಕೆಯೊಳಗಿಂದ ಬಂದಂತಾದೀತು. ಅವನಿಗೆ ಬಿಚ್ಚುದನಿಯ ಮೈಕೇ ಹಿತ. ಸೀರೆಯಂಗಡಿಯಲ್ಲಿ ಹತ್ತು ಸೀರೆ ಹೆಗಲಿಗೆ ಹಾಕಿ ನೋಡುವುದಿಲ್ಲವೆ? ಸ್ಟುಡಿಯೋದವರು ಕಂಠಕ್ಕೆ ಮೈಕನ್ನು ಹೊಂದಿಸುವುದೂ ಹಾಗೆಯೇ.

ಅಗ್ಗದ ಮೈಕುಗಳ ವಿಚಾರಕ್ಕೆ ಬರೋಣ, ನಮ್ಮ ಪಾಲಿಗೆ ಬರುವುದು ಅವೇ ತಾನೆ. ಕೆಲವು ಸಾವಿರ ರೂಪಾಯಿಯ ಮೈಕಿನಲ್ಲಿ ಹಾಡಿದಾಗ ‘ಸರಸ್ವತಿ’, ‘ಸಂತೋಷ’ ಮುಂತಾದ ಮಾತುಗಳು ಸೀಟಿ ಹೊಡೆದಂತೆ ಚುಚ್ಚುವುದುಂಟು. ನಮ್ಮ ಊಷ್ಮಾಕ್ಷರಗಳ ಸಿಳ್ಳು ಹೆಚ್ಚಾಗಿ ಸೆಕೆಂಡಿಗೆ 5 ಸಾವಿರದಿಂದ 10 ಸಾವಿರ ಕಂಪನಗಳ ನಡುವೆ ಇದೆ. ಯು 67 ಮತ್ತು ಯು 87ರಲ್ಲಿರುವ ಕ್ಯಾಪ್ಸೂಲ್, ಎಂದರೆ ಪೊರೆ ಮತ್ತು ತಟ್ಟೆಯ ಜೋಡಿ, ಈ ಎತ್ತರದ ಕಂಪನಗಳನ್ನು ಇರುವುದಕ್ಕಿಂತ ಹೆಚ್ಚಿಸಿ ಹಿಡಿಯುತ್ತದೆ. ಒಳಗಿನ ಸರ್ಕೀಟು ಆ ಹೆಚ್ಚಳವನ್ನು ಲೆಕ್ಕ ಹಾಕಿ ಇಳಿಸುತ್ತದೆ. ಹೀಗೆ ಏರಿಸಿ ಇಳಿಸುವುದರಿಂದ ಸರ್ಕೀಟಿನ ಸುಯ್ಯೆನ್ನುವ ಸದ್ದೂ ಇಳಿಯುತ್ತದೆ. ಇದು ಜಾಣತನದ ಏರ್ಪಾಡು. ಆದರೆ ಅಗ್ಗದ ಮೈಕುಗಳಲ್ಲಿ ಹಲವು ಕ್ಯಾಪ್ಸೂಲನ್ನು ಮಾತ್ರ ನಕಲು ಮಾಡಿ, ಇಳಿಸುವ ಸರ್ಕೀಟನ್ನು ಬಿಟ್ಟುಬಿಟ್ಟಿವೆ. ಏರಿದ್ದು ಏರಿಯೇ ಉಳಿಯುತ್ತದೆ. ಅಂಗಡಿಯಲ್ಲಿ ಎರಡು ನಿಮಿಷ ಕೇಳಿದವನಿಗೆ ಇದು ‘ಎಷ್ಟು ಸ್ಪಷ್ಟ!’ ಎನಿಸುತ್ತದೆ. ಮನೆಯಲ್ಲಿ ಪೂರ್ತಿ ಹಾಡು ಕೇಳುವಷ್ಟರಲ್ಲಿ ಕಿವಿ ಬೇಸತ್ತಿರುತ್ತದೆ. ಇಂಥ ಮೈಕು ಈಗಾಗಲೇ ನಿಮ್ಮಲ್ಲಿದ್ದರೆ ಎಸೆಯಬೇಕಾಗಿಲ್ಲ. ಬಾಯಿಗೆ ನೇರವಾಗಿಡದೆ ಹಣೆಯ ಮಟ್ಟಕ್ಕೆ, ಸ್ವಲ್ಪ ಓರೆಯಾಗಿ ಇಟ್ಟರೆ ಸಿಳ್ಳು ಅರ್ಧ ತಗ್ಗುತ್ತದೆ. ಪಕಾರ ಬಕಾರಗಳ ಉಸಿರು, ಅದರಲ್ಲಿಯೂ ‘ಫಲ’, ‘ಭಾರತ’ ಎನ್ನುವಾಗಿನ ಮಹಾಪ್ರಾಣದ ಉಸಿರು, ಪೊರೆಗೆ ಗುದ್ದಿ ‘ಧಪ್’ ಎನ್ನುವುದೂ ಹೀಗೆ ಓರೆ ಇಡುವುದರಿಂದ ತಪ್ಪುತ್ತದೆ.

ದೂರದ ಮಾತು ಇನ್ನೂ ಮುಖ್ಯ. ಒಂದು ಕಡೆಯಿಂದ ಮಾತ್ರ ಕೇಳುವ ಮೈಕಿಗೆ ಬಾಯಿ ಹತ್ತಿರವಾದಷ್ಟೂ ಮಂದ್ರ ಉಬ್ಬುತ್ತದೆ. ನಾಲ್ಕು ಬೆರಳು ದೂರದಲ್ಲಿ ಹಾಡುವುದಕ್ಕೂ ಒಂದು ಗೇಣು ದೂರದಲ್ಲಿ ಹಾಡುವುದಕ್ಕೂ ಇರುವ ವ್ಯತ್ಯಾಸ, ಎಷ್ಟೋ ವೇಳೆ ಎರಡು ಒಳ್ಳೆಯ ಮೈಕುಗಳ ನಡುವಣ ವ್ಯತ್ಯಾಸಕ್ಕಿಂತ ದೊಡ್ಡದು. ನಮ್ಮ ಕನ್ನಡ ಚಿತ್ರಗೀತೆಗಳು ಬಹುಕಾಲ ಮುದ್ರಣವಾದದ್ದು ಮದರಾಸಿನ ಸ್ಟುಡಿಯೋಗಳಲ್ಲಿ. ಗಾಯಕರೂ ವಾದ್ಯದವರೂ ಒಟ್ಟಿಗೆ ಕಲೆತು ಒಂದೇ ಓಟದಲ್ಲಿ ಹಾಡಿ ನುಡಿಸುತ್ತಿದ್ದ ಕಾಲವದು. ಮೈಕಿನಿಂದ ಎಷ್ಟು ದೂರ ನಿಲ್ಲಬೇಕು, ಏರುಸ್ವರಕ್ಕೆ ಎಷ್ಟು ಹಿಂದೆ ಸರಿಯಬೇಕು ಎಂಬುದನ್ನು ಹಾಡುವವರೇ ಬಲ್ಲವರಾಗಿರಬೇಕಿತ್ತು.

ಪಿಯಾನೋ ಬೇರೆಯೇ ಪ್ರಾಣಿ. ಕಂಠ ಒಂದು ಬಾಯಿಂದ ಬರುತ್ತದೆ. ಪಿಯಾನೋಗೆ ಬಾಯಿಯೇ ಇಲ್ಲ. 88 ಮನೆಗಳು, ಸುಮಾರು 230 ತಂತಿಗಳು, ಅವುಗಳ ಕೆಳಗೆ ಮಂಚದಗಲದ ಮರದ ಹಲಗೆ. ಅತಿ ಕೆಳಗಿನ ಮನೆ ಸೆಕೆಂಡಿಗೆ 27.5 ಸಲ ಕಂಪಿಸಿದರೆ ಅತಿ ಮೇಲಿನದು 4,186 ಸಲ. ದನಿ ಒಂದೇ ಕಡೆಯಿಂದ ಬಾರದೆ ಎಲ್ಲ ದಿಕ್ಕಿನಿಂದಲೂ ಮೈಕಿಗೆ ಬಂದು ಬೀಳುತ್ತದೆ. ಇಲ್ಲಿ ದೊಡ್ಡ ಪೊರೆಯ ಮೈಕಿನ ಒಂದು ಸ್ವಭಾವ ಬಯಲಾಗುತ್ತದೆ. ಅದರ ಪೊರೆಯ ಅಗಲ ಸುಮಾರು 25 ಮಿಲಿಮೀಟರು. ಸೆಕೆಂಡಿಗೆ 10 ಸಾವಿರ ಕಂಪನದ ದನಿಯ ಅಲೆಯ ಉದ್ದ 34 ಮಿಲಿಮೀಟರು. ಎರಡೂ ಸರಿಸುಮಾರು ಒಂದೇ ಅಳತೆಯವಾದ್ದರಿಂದ, ಅಂಥ ಅಲೆ ಪಕ್ಕದಿಂದ ಬಂದರೆ ಪೊರೆಯ ಒಂದು ಅಂಚನ್ನು ತಳ್ಳುವಾಗ ಇನ್ನೊಂದು ಅಂಚನ್ನು ಎಳೆಯುತ್ತದೆ, ದನಿ ಮಸುಕಾಗುತ್ತದೆ. ಎದುರಿನಿಂದ ಬಂದದ್ದಕ್ಕೆ ಒಂದು ಬಣ್ಣ, ಪಕ್ಕದಿಂದ ಬಂದದ್ದಕ್ಕೆ ಇನ್ನೊಂದು ಬಣ್ಣ. ಕಂಠದಲ್ಲಿ ಇದು ಅಷ್ಟಾಗಿ ಬಾಧಿಸದು. ಪಿಯಾನೋದಲ್ಲಿ ಕಿವಿ ಪಳಗಿದವನಿಗೆ ತಿಳಿಯುತ್ತದೆ. ಆದುದರಿಂದಲೇ ಅನೇಕರು ಪಿಯಾನೋಗೆ ಸಣ್ಣ ಪೊರೆಯ, ಪೆನ್ನಿನಂತೆ ಉದ್ದನೆಯ ಮೈಕುಗಳ ಜೋಡಿಯನ್ನು ಮೆಚ್ಚುತ್ತಾರೆ. ಬಡಿಗೆ ತಂತಿಗೆ ತಗುಲುವ ಆ ಮೊದಲ ಕ್ಷಣವನ್ನು ಅವು ಚೊಕ್ಕವಾಗಿ ಹಿಡಿಯುತ್ತವೆ.

ಈ ಜಾತಿಯಲ್ಲಿ ಹೆಸರಾದದ್ದು ನಾಯ್ಮನ್‌ನ ಕೆಎಂ 84, 1966ರದು. ಅದಕ್ಕೊಂದು ಕತೆಯಿದೆ. ನಾರ್ವೆಯ ರೇಡಿಯೋದವರು ಮೈಕಿಗೆ ಬೇರೆ ವಿದ್ಯುತ್ ಪೆಟ್ಟಿಗೆ ಬೇಡ, ದನಿ ಹೋಗುವ ತಂತಿಯಲ್ಲೇ ವಿದ್ಯುತ್ತೂ ಬರಲಿ ಎಂದರು. ಅವರ ನಿಲಯದಲ್ಲಿ ತುರ್ತು ದೀಪಗಳಿಗಾಗಿ 48 ವೋಲ್ಟಿನ ವಿದ್ಯುತ್ತು ಮೊದಲೇ ಇತ್ತು, ಅದನ್ನೇ ಬಳಸಿದರು. ಇಂದು ಜಗತ್ತಿನ ಮೂಲೆಮೂಲೆಯಲ್ಲೂ ಮೈಕಿನ ಪೆಟ್ಟಿಗೆಯ ಮೇಲೆ ಕಾಣುವ 48 ಎಂಬ ಗುಂಡಿ ಅಲ್ಲಿಂದ ಬಂದದ್ದು.

ಹಾಗೆಂದು ದೊಡ್ಡ ಪೊರೆಯವು ಪಿಯಾನೋಗೆ ಸಲ್ಲವೆಂದಲ್ಲ. ಎ.ಕೆ.ಜಿ.ಯ ಸಿ 414ರ ಜೋಡಿಯನ್ನು ಪಿಯಾನೋ ಮೇಲೆ ಇಡುವವರು ಬಹಳ. ಮಂದ್ರಕ್ಕೆ ತೂಕವೂ ಒಟ್ಟು ದನಿಗೆ ಹೊಳಪೂ ಬರುತ್ತದೆ. ಹಾಡಿನ ಹಿನ್ನೆಲೆಗೆ ನುಡಿಸುವ ಪಿಯಾನೋಗೆ ಇದು ಚೆನ್ನ; ಬರಿಯ ಪಿಯಾನೋ ಕಛೇರಿಗಾದರೆ ನನ್ನ ಓಟು ಸಣ್ಣ ಪೊರೆಗೆ. ಎರಡು ಮೈಕು ಇಡುವಾಗ ಒಂದು ಎಚ್ಚರಿಕೆ ಬೇಕು. ಒಂದೇ ತಂತಿಯ ದನಿ ಒಂದು ಮೈಕಿಗೆ ಇನ್ನೊಂದಕ್ಕಿಂತ 17 ಸೆಂಟಿಮೀಟರು ಹೆಚ್ಚು ದೂರ ನಡೆದು ಬಂದರೆ ಅರ್ಧ ಮಿಲಿಸೆಕೆಂಡು ತಡವಾಗುತ್ತದೆ. ಎರಡನ್ನೂ ಕೂಡಿಸಿದಾಗ ಸೆಕೆಂಡಿಗೆ ಸಾವಿರ ಕಂಪನದ ಸುತ್ತಿನ ದನಿ ಒಂದನ್ನೊಂದು ತಿಂದುಹಾಕುತ್ತದೆ. ಹೆಡ್‌ಫೋನಿನಲ್ಲಿ ಎಡಬಲ ಬೇರೆಯಾಗಿ ಕೇಳುವಾಗ ತಿಳಿಯದ ಈ ದೋಷ, ಒಂದೇ ಸ್ಪೀಕರಿನ ಮೊಬೈಲಿನಲ್ಲಿ ಟೊಳ್ಳು ದನಿಯಾಗಿ ಹೊರಬೀಳುತ್ತದೆ. ನಮ್ಮವರು ಕೇಳುವುದು ಹೆಚ್ಚಾಗಿ ಮೊಬೈಲಿನಲ್ಲೇ.

ಇನ್ನು ಹೋಲಿಸಿ ನೋಡುವ ಬಗೆ. ಎರಡು ಮೈಕುಗಳಲ್ಲಿ ಒಂದರ ದನಿ ಒಂದೇ ಒಂದು ಡೆಸಿಬೆಲ್ ಹೆಚ್ಚಾಗಿದ್ದರೂ ಕಿವಿ ಅದನ್ನೇ ಉತ್ತಮವೆನ್ನುತ್ತದೆ, ಜೋರು ಎಂದು ಗುರುತಿಸುವುದಿಲ್ಲ. ಆದುದರಿಂದ ಮೊದಲು ಎರಡರ ಮಟ್ಟವನ್ನೂ ಸಮ ಮಾಡಬೇಕು. ಒಬ್ಬನೇ ಗಾಯಕ ಎರಡು ಸಲ ಒಂದೇ ರೀತಿ ಹಾಡಲಾರ. ಆದ್ದರಿಂದ ಎರಡು ಮೈಕುಗಳನ್ನೂ ಒಂದಕ್ಕೊಂದು ತಾಗಿಸಿಟ್ಟು ಒಮ್ಮೆಗೇ ಮುದ್ರಿಸಬೇಕು. ಪಿಯಾನೋದವರಿಗೆ ಒಂದು ಅನುಕೂಲವಿದೆ. ಯಮಾಹಾದ ಡಿಸ್ಕ್‌ಲೇವಿಯರ್‌ನಂಥ ತಾನೇ ನುಡಿಯುವ ಪಿಯಾನೋ ಒಮ್ಮೆ ನುಡಿಸಿದ್ದನ್ನು ಅದೇ ಬೆರಳೊತ್ತಿನಲ್ಲಿ ಎಷ್ಟು ಸಲ ಬೇಕಾದರೂ ನುಡಿಸುತ್ತದೆ. ಕೊನೆಗೆ ಯಾವುದು ಯಾವ ಮೈಕೆಂದು ಕೇಳುವವನಿಗೆ ತಿಳಿಸದೆ, ಬೇರೆಯವರು ಬದಲಾಯಿಸುತ್ತ ಕೇಳಿಸಬೇಕು. ಬೆಲೆ ತಿಳಿದ ಕಿವಿಯ ಸಾಕ್ಷ್ಯ ನಂಬತಕ್ಕದ್ದಲ್ಲ.

ಜಾಹೀರಾತುಗಳಲ್ಲಿ ಮೈಕಿನ ಸ್ವಂತ ಸದ್ದಿನ ಅಂಕಿಯನ್ನು ದೊಡ್ಡದಾಗಿ ಹಾಕುತ್ತಾರೆ. ಆಸ್ಟ್ರೇಲಿಯದ ರೋಡ್ ಕಂಪನಿಯ ಎನ್‌ಟಿ 1-ಎ ಮೈಕಿನದು 5 ಡೆಸಿಬೆಲ್. ಅದಕ್ಕಿಂತ ಎಷ್ಟೋ ಪಟ್ಟು ಬೆಲೆಯ ಯು 87ರ ಈಗಿನ ಮಾದರಿಯದು 12. ಈ ಒಂದು ವಿಷಯದಲ್ಲಿ ಅಗ್ಗದ್ದೇ ಗೆದ್ದಿತು. ಆದರೆ ಫ್ಯಾನು ತಿರುಗುವ, ಪಕ್ಕದ ಮನೆಯ ಕುಕ್ಕರು ಕೂಗುವ ನಮ್ಮ ಕೋಣೆಯ ಸದ್ದು ಇವೆರಡಕ್ಕಿಂತಲೂ ಎಷ್ಟೋ ಹೆಚ್ಚು. ಕಂಡೆನ್ಸರ್ ಮೈಕು ಆ ಸದ್ದನ್ನೂ ಬರಿಗೋಡೆಯ ಮಾರ್ದನಿಯನ್ನೂ ನಿಷ್ಠೆಯಿಂದ ಬರೆದುಕೊಳ್ಳುತ್ತದೆ. ಚಾಳಿನ ಕೋಣೆಯಲ್ಲಿ ಹಾಡುವವನಿಗೆ ಬಾಯಿಯ ಹತ್ತಿರ ಹಿಡಿದ ಡೈನಮಿಕ್ ಮೈಕೇ ಮೇಲಾಗಬಹುದು. 1982ರಲ್ಲಿ ಬಂದ ಮೈಕೆಲ್ ಜಾಕ್ಸನ್ನರ ‘ಥ್ರಿಲ್ಲರ್’ ತಟ್ಟೆಗೆ ಅವರ ಕಂಠವನ್ನು ಹಿಡಿದದ್ದು ಶೂರ್ ಕಂಪನಿಯ ಎಸ್‌ಎಂ 7 ಎಂಬ ಡೈನಮಿಕ್ ಮೈಕಿನಲ್ಲಿ.

ರಜೆಯಲ್ಲಿ ಊರಿಗೆ ಹೋಗಿ ಅಜ್ಜಿಯ ಸೋಬಾನೆ ಪದಗಳನ್ನು ಮುದ್ರಿಸಿಕೊಳ್ಳಬೇಕೆಂದಿರುವವರು ಮೈಕಿನ ಹೆಸರಿಗಾಗಿ ಕಾಯಬಾರದು. ಹಾಸಿಗೆ, ಬಟ್ಟೆಯ ರಾಶಿ ಇರುವ ಕೋಣೆ, ನಿಲ್ಲಿಸಿದ ಫ್ಯಾನು, ಒಂದು ಗೇಣು ದೂರದಲ್ಲಿ ಓರೆಯಾಗಿಟ್ಟ ಯಾವ ಮೈಕಾದರೂ ಸರಿ, ಇಲ್ಲವೆ ಮೊಬೈಲಾದರೂ ಸರಿ. ಆ ಹಾಡು ಮುಂದಿನ ರಜೆಗೆ ಸಿಕ್ಕುವುದೆಂಬ ಭರವಸೆಯಿಲ್ಲ. ಮೈಕು ಮುಂದಿನ ವರ್ಷವೂ ಅಂಗಡಿಯಲ್ಲಿರುತ್ತದೆ.

ಮುಂಬಯಿ, ಚೆನ್ನೈಗಳಂಥ ಕಡಲೂರುಗಳಲ್ಲಿ ಕಂಡೆನ್ಸರ್ ಮೈಕು ಇಟ್ಟುಕೊಂಡವರಿಗೆ ಇನ್ನೊಂದು ಮಾತು. ಮಳೆಗಾಲದ ತೇವ ಪೊರೆಯ ಮೇಲೆ ಕುಳಿತರೆ ಅಲ್ಲಿ ಹಿಡಿದಿಟ್ಟ ವಿದ್ಯುತ್ತು ಸೋರಿ ಚಿಟಪಟ ಸದ್ದು ಬರುತ್ತದೆ. ಬಳಸಿದ ಮೇಲೆ ಬಿಗಿಮುಚ್ಚಳದ ಡಬ್ಬಿಯಲ್ಲಿ, ಔಷಧಿ ಸೀಸೆಗಳಲ್ಲಿ ಬರುವ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಇಡಿ. ಚಿಟಪಟ ಶುರುವಾಗಿಬಿಟ್ಟಿದ್ದರೆ ಒಂದೆರಡು ದಿನ ಹಾಗೆಯೇ ಒಣಗಲು ಬಿಟ್ಟು ನೋಡಿ, ಬಹುಮಟ್ಟಿಗೆ ಸರಿಹೋಗುತ್ತದೆ. ಪೊರೆಯನ್ನು ಬಟ್ಟೆಯಿಂದ ಒರೆಸಲು ಮಾತ್ರ ಹೋಗಬೇಡಿ.