ಪರೀಕ್ಷಾರ್ಥಿಗಳ ಪಾಲಕ ಸಂತರು ಮತ್ತು ನಮ್ಮ ಮಕ್ಕಳ ಸಿಇಟಿ



ಸೆಪ್ಟೆಂಬರ್ 18 ಕ್ಯುಪರ್ಟಿನೋದ ಸಂತ ಜೋಸೆಫರ ಸ್ಮರಣೆಯ ದಿನ. 1603ರಲ್ಲಿ ಇಟಲಿಯ ಬಡ ಕುಟುಂಬದಲ್ಲಿ ಹುಟ್ಟಿದ ಇವರಿಗೆ ಓದು ತಲೆಗೆ ಹತ್ತುತ್ತಿರಲಿಲ್ಲ. ಗುರುದೀಕ್ಷೆಗೆ ಮುನ್ನ ನಡೆದ ಪರೀಕ್ಷೆಯಲ್ಲಿ ಧರ್ಮಾಧ್ಯಕ್ಷರು ಶುಭಸಂದೇಶ ಗ್ರಂಥವನ್ನು ತೆರೆದು, ಅವರಿಗೆ ವಿವರಿಸಲು ಬರುತ್ತಿದ್ದ ಒಂದೇ ವಾಕ್ಯವನ್ನು ಕೇಳಿದರಂತೆ (ಲೂಕ 11:27). 1628ರಲ್ಲಿ ಅವರು ಗುರುಗಳಾದರು. ಪರೀಕ್ಷೆ ಬರೆಯುವವರೆಲ್ಲ ಅವರ ಮೊರೆ ಹೋಗುವುದು ಇದರಿಂದಲೇ.

ಏಪ್ರಿಲ್ ಬಂತೆಂದರೆ ಪಾಲಿಬೆಟ್ಟದಲ್ಲೂ ತಾಯಂದಿರು ಹಾಲ್ ಟಿಕೆಟ್ ಹಿಡಿದು ಆಶೀರ್ವಾದಕ್ಕೆ ಬರುತ್ತಾರೆ. ನಾವು ಸಂತೋಷದಿಂದಲೇ ಆಶೀರ್ವದಿಸುತ್ತೇವೆ. ಆದರೆ ಸಂತ ಜೋಸೆಫರು ಆ ಒಂದು ವಾಕ್ಯವನ್ನಾದರೂ ಚೆನ್ನಾಗಿ ಕಲಿತಿದ್ದರು. ಹತ್ತು ಕನ್ಯೆಯರ ಸಾಮತಿಯಲ್ಲಿ ಮದುವಣಿಗ ಬಂದ ರಾತ್ರಿ ಎಣ್ಣೆ ಸಾಲ ಸಿಗಲಿಲ್ಲ. ಆದುದರಿಂದ ಈ ಮಾತನ್ನು ಸೆಪ್ಟೆಂಬರಿನಲ್ಲೇ ಹೇಳುತ್ತಿದ್ದೇವೆ.

ನಮ್ಮೂರಿನಲ್ಲಿ ಸೆಪ್ಟೆಂಬರಿಗೆ ಇನ್ನೊಂದು ಕಾರಣವೂ ಉಂಟು. ನವೆಂಬರ್ ಕಳೆಯುತ್ತಲೇ ಕಾಫಿ ಕೊಯ್ಲು; ಅರೇಬಿಕಾ ಮುಗಿಯುವಾಗ ರೊಬಸ್ಟಾ, ಅದರ ಬೆನ್ನಿಗೆ ಕರಿಮೆಣಸು. ಲೈನ್ ಮನೆಯ ಮಗಳು ತಮ್ಮನನ್ನು ನೋಡಿಕೊಳ್ಳಬೇಕು, ರಜೆಯ ದಿನ ಅಮ್ಮನ ಚೀಲ ತುಂಬಲು ಕೈಜೋಡಿಸಬೇಕು. ತೋಟದ ಮಾಲೀಕರ ಮಗನೂ ಕಣದಲ್ಲೇ ಇರುತ್ತಾನೆ. ಕೊಯ್ಲು ಮುಗಿಸಿ ತಲೆ ಎತ್ತುವಷ್ಟರಲ್ಲಿ ದ್ವಿತೀಯ ಪಿಯುಸಿ ಪರೀಕ್ಷೆ ಎದುರಿಗಿರುತ್ತದೆ, ಅದರ ಹಿಂದೆಯೇ ಸಿಇಟಿ. ಸಂಜೆ ಟ್ಯೂಷನ್‌ಗೆ ಕಳಿಸೋಣವೆಂದರೆ ದಾರಿಯಲ್ಲಿ ಆನೆಯ ಭಯ. ಆ ನಾಲ್ಕು ತಿಂಗಳಲ್ಲಿ ಮಗುವಿಗೆ ದಿನಕ್ಕೆ ಎರಡು ಗಂಟೆ ಬಿಡಿಸಿಕೊಡುವುದು ಮನೆಯವರ ಪಾಲಿನ ಪರೀಕ್ಷೆ.

ಈಗ ಸಿಇಟಿಯ ವಿಷಯ. 1994ರಿಂದ ನಡೆದುಬಂದಿರುವ ಈ ಪರೀಕ್ಷೆಯಲ್ಲಿ ಪ್ರತಿ ವಿಷಯಕ್ಕೆ 60 ಪ್ರಶ್ನೆ, 80 ನಿಮಿಷ. ಅಂದರೆ ಒಂದು ಪ್ರಶ್ನೆಗೆ 80 ಸೆಕೆಂಡು. ಗೊತ್ತಿದ್ದರಷ್ಟೇ ಸಾಲದು, ಬೇಗ ಗೊತ್ತಾಗಬೇಕು. ಅದಕ್ಕೆ ಹಳೆಯ ಪ್ರಶ್ನೆಪತ್ರಿಕೆಗಳೇ ಮದ್ದು. ವಾರಕ್ಕೊಂದನ್ನು ಗಡಿಯಾರ ಮುಂದಿಟ್ಟುಕೊಂಡು ಬಿಡಿಸಲಿ. ತಪ್ಪಾದ ಪ್ರಶ್ನೆಗಳನ್ನು ಬೇರೆ ಪುಸ್ತಕದಲ್ಲಿ ಬರೆದು, ಏಕೆ ತಪ್ಪಾಯಿತೆಂದು ಪಠ್ಯಕ್ಕೆ ಹಿಂದಿರುಗಿ ನೋಡಲಿ. ಎಷ್ಟೋ ಮಕ್ಕಳು ಅಂಕ ಎಣಿಸಿ ಹಾಳೆ ಮಡಚಿಡುತ್ತಾರೆ. ಆಗ ಆ 80 ನಿಮಿಷ ವ್ಯರ್ಥವೇ ಸರಿ.

ಸಿಇಟಿಯಲ್ಲಿ ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಆದ್ದರಿಂದ ಒಂದು ಪ್ರಶ್ನೆಯನ್ನೂ ಖಾಲಿ ಬಿಡಬಾರದು. ವೈದ್ಯಕೀಯಕ್ಕೆ ಬರೆಯುವ ನೀಟ್‌ನಲ್ಲಿ ಹಾಗಲ್ಲ: ಸರಿಯುತ್ತರಕ್ಕೆ 4 ಅಂಕ, ತಪ್ಪಿಗೆ 1 ಅಂಕ ಕಡಿತ. ಎರಡನ್ನೂ ಬರೆಯುವವರು ಈ ವ್ಯತ್ಯಾಸವನ್ನು ಅಭ್ಯಾಸದಲ್ಲೇ ರೂಢಿಸಿಕೊಳ್ಳಬೇಕು.

ಪೋಷಕರಲ್ಲಿ ದೊಡ್ಡದೊಂದು ತಪ್ಪು ತಿಳಿವಳಿಕೆ ಕಾಣುತ್ತೇವೆ. ಸಾಲ ಮಾಡಿ ದೂರದ ಊರಿನ ಕೋಚಿಂಗಿಗೆ ಸೇರಿಸಿ, ಪಿಯುಸಿ ಹೇಗೋ ಪಾಸಾದರೆ ಸಾಕು ಎನ್ನುತ್ತಾರೆ. ಇಂಜಿನಿಯರಿಂಗ್ ರ‍್ಯಾಂಕಿಗೆ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತದ ಪಿಯುಸಿ ಅಂಕ ಅರ್ಧ, ಸಿಇಟಿ ಅಂಕ ಅರ್ಧ. ಕಾಲೇಜಿನ ಪಠ್ಯಪುಸ್ತಕವನ್ನು ಗೆರೆ ಬಿಡದೆ ಓದಿದ ಮಗು ಎರಡಕ್ಕೂ ಒಟ್ಟಿಗೇ ಓದುತ್ತಿದೆ. ಸಾಲ ಮಾಡುವ ಮುನ್ನ ಇದನ್ನು ದಯವಿಟ್ಟು ಯೋಚಿಸಿ. ಇಂಜಿನಿಯರಿಂಗ್ ಒಂದೇ ಬಾಗಿಲೂ ಅಲ್ಲ. ಪಕ್ಕದ ಪೊನ್ನಂಪೇಟೆಯ ಅರಣ್ಯ ಮಹಾವಿದ್ಯಾಲಯಕ್ಕೂ ಸಿಇಟಿಯಿಂದಲೇ ಪ್ರವೇಶ. ಕಾಡಂಚಿನಲ್ಲೇ ಬೆಳೆದ ನಮ್ಮ ಮಕ್ಕಳು ಅದನ್ನೇಕೆ ಕೇಳುವುದಿಲ್ಲವೋ!

ಕಾಗದಪತ್ರಗಳ ಮಾತು. ಒಂದರಿಂದ ಹತ್ತನೆಯ ತರಗತಿಯವರೆಗೆ ಗ್ರಾಮೀಣ ಪ್ರದೇಶದಲ್ಲಿ ಓದಿದವರಿಗೆ ಮೀಸಲಾತಿ ಇದೆ, ಕನ್ನಡ ಮಾಧ್ಯಮದವರಿಗೂ ಇದೆ. ವ್ಯಾಸಂಗ ಪ್ರಮಾಣಪತ್ರಕ್ಕೆ ಶಾಲೆಯ ಮುಖ್ಯೋಪಾಧ್ಯಾಯರ ಮತ್ತು ಕ್ಷೇತ್ರ ಶಿಕ್ಷಣಾಧಿಕಾರಿಗಳ ಸಹಿ ಬೇಕು. ಜಾತಿ-ಆದಾಯ ಪ್ರಮಾಣಪತ್ರ ನಾಡಕಚೇರಿಯಲ್ಲಿ. ಕೊಯ್ಲಿನ ನಡುವೆ ಒಂದು ದಿನದ ಕೂಲಿ ಬಿಟ್ಟು ಅಲೆಯುವುದಕ್ಕಿಂತ ಈಗಲೇ ಮಾಡಿಸಿಡಿ.

2025ರಲ್ಲಿ ಸಿಇಟಿ ಏಪ್ರಿಲ್ 16 ಮತ್ತು 17ರಂದು ನಡೆಯಿತು. 17 ಪವಿತ್ರ ಗುರುವಾರ. ಪರೀಕ್ಷೆ ಬರೆದು ಬಂದ ದಿನ ಪಾದ ತೊಳೆಯುವ ವಿಧಿಗೆ ತಡವಾಗಿ ಬಂದರೆ ತಪ್ಪೇ ಎಂದು ಮಕ್ಕಳು ಕೇಳಿದರೆ, ಬಂದು ಹಿಂದಿನ ಬೆಂಚಿನಲ್ಲಿ ಕೂರಿ ಎನ್ನುತ್ತೇವೆ.

ಅಕ್ಟೋಬರ್ ಜಪಸರದ ತಿಂಗಳು. ಸಂಜೆಯ ಜಪಸರದ ಬಳಿಕ ಗುರುಮನೆಯ ಹಜಾರದ ದೀಪ ಎರಡು ಗಂಟೆ ಉರಿಯುತ್ತದೆ. ಮನೆಯಲ್ಲಿ ಓದಲು ಜಾಗವಿಲ್ಲದ ಮಕ್ಕಳು ಪುಸ್ತಕ ತರಲಿ. ಮರಳಿ ಕರೆದೊಯ್ಯಲು ಹಿರಿಯರೊಬ್ಬರು ಟಾರ್ಚ್ ಹಿಡಿದು ಬನ್ನಿ.