ಕುರಿಗಳ ಗೊರಸು ಕೊಳೆ ರೋಗ: ವಿಳಂಬಕ್ಕೆ ತೆರುವ ಬೆಲೆ

ಕುರಿ ಸಾಕಣೆಯಲ್ಲಿ ಹಿಂಡೇ ಬಂಡವಾಳ. ಆ ಬಂಡವಾಳವನ್ನು ಸದ್ದಿಲ್ಲದೆ ಕರಗಿಸುವ ವ್ಯಾಧಿಗಳಲ್ಲಿ ಗೊರಸು ಕೊಳೆ ರೋಗವೂ ಒಂದು. ಬ್ರಿಟನ್ನಿನಲ್ಲಿ ಇದರಿಂದಾಗುವ ವಾರ್ಷಿಕ ನಷ್ಟವು ಸುಮಾರು 2.4 ಕೋಟಿ ಪೌಂಡುಗಳೆಂದು 2005ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಂದಾಜಿಸಿತ್ತು.

ಡೈಕೆಲೋಬ್ಯಾಕ್ಟರ್ ನೋಡೋಸಸ್ ಎಂಬ ಬ್ಯಾಕ್ಟೀರಿಯಾ ಈ ರೋಗಕ್ಕೆ ಕಾರಣ. ಕೆಸರು, ತೇವಗಳಿಂದ ಗೊರಸುಗಳ ನಡುವಣ ಚರ್ಮವು ಮೆದುವಾದಾಗ ಅದು ಒಳಹೊಕ್ಕು, ಗೊರಸಿನ ಕವಚವನ್ನು ಅಂಗಾಂಶದಿಂದ ಬೇರ್ಪಡಿಸುತ್ತದೆ. ಗಾಯವು ದುರ್ವಾಸನೆ ಬೀರುತ್ತದೆ. ವೈರಾಣುವಿನಿಂದ ಬರುವ ಕಾಲುಬಾಯಿ ಜ್ವರವು ಇದಕ್ಕಿಂತ ಭಿನ್ನವಾದುದು. ಕುಂಟುವ ಕುರಿಯು ಸರಿಯಾಗಿ ಮೇಯದು. ಪರಿಣಾಮವಾಗಿ ಅದರ ತೂಕ ಇಳಿಯುತ್ತದೆ. ಹಾಲು ಸಾಲದೆ ಮರಿಗಳ ಬೆಳವಣಿಗೆಯೂ ಕುಂಠಿತವಾಗುತ್ತದೆ.

ಕೊಳೆತ ಗೊರಸನ್ನು ಕತ್ತರಿಸುವುದು ಅಲ್ಲಿನ ಬಹುಕಾಲದ ಪದ್ಧತಿ. ಆದರೆ ವಾರ್ವಿಕ್ ವಿಶ್ವವಿದ್ಯಾಲಯದ ಸಂಶೋಧಕರು 2010ರಲ್ಲಿ ಪ್ರಕಟಿಸಿದ ಪ್ರಯೋಗವು ಈ ನಂಬಿಕೆಯನ್ನು ಅಲುಗಾಡಿಸಿತು. ಆಕ್ಸಿಟೆಟ್ರಾಸೈಕ್ಲಿನ್ ಚುಚ್ಚುಮದ್ದು ಪಡೆದ ಕುರಿಗಳು ಬೇಗನೆ ಗುಣಮುಖವಾದವು. ಗೊರಸು ಕತ್ತರಿಸುವುದರಿಂದ ಚೇತರಿಕೆಯು ತಡವಾಯಿತು. ಅಂದರೆ, ಕೂಲಿ ತೆತ್ತು ಮಾಡಿಸಿದ ಕೆಲಸವೇ ನಷ್ಟವನ್ನು ಹೆಚ್ಚಿಸುತ್ತಿತ್ತು! ಕುಂಟುವಿಕೆ ಕಂಡ ಮೂರು ದಿನಗಳೊಳಗೆ ಚಿಕಿತ್ಸೆ ನೀಡಬೇಕೆಂಬುದು ಇಂದಿನ ಸಲಹೆ.

ಈ ಬ್ಯಾಕ್ಟೀರಿಯಾ ಗೊರಸಿನಿಂದ ಹೊರಗೆ ದೀರ್ಘಕಾಲ ಬದುಕದು. ರೋಗಪೀಡಿತ ಕುರಿಯೇ ಅದರ ಉಗ್ರಾಣ. ಆದ್ದರಿಂದಲೇ 2014ರಲ್ಲಿ ಬ್ರಿಟನ್ನಿನಲ್ಲಿ ಐದು ಅಂಶಗಳ ಯೋಜನೆಯೊಂದು ರೂಪುಗೊಂಡಿತು. ಪದೇ ಪದೇ ರೋಗಕ್ಕೆ ತುತ್ತಾಗುವ ಕುರಿಗಳನ್ನು ಹಿಂಡಿನಿಂದ ತೆಗೆಯುವುದು, ಹೊಸದಾಗಿ ಕೊಂಡವುಗಳನ್ನು ಕೆಲವು ವಾರ ಪ್ರತ್ಯೇಕವಾಗಿರಿಸುವುದು, ತ್ವರಿತ ಚಿಕಿತ್ಸೆ, ಕೆಸರಿನ ತಾಣಗಳಲ್ಲಿ ಸೋಂಕು ಹರಡದಂತೆ ಎಚ್ಚರ ವಹಿಸುವುದು ಹಾಗೂ ಲಸಿಕೆ ಇವೇ ಆ ಐದು ಅಂಶಗಳು. ಶೇ. 10ರ ಜಿಂಕ್ ಸಲ್ಫೇಟ್ ದ್ರಾವಣದ ತೊಟ್ಟಿಯಲ್ಲಿ ಕುರಿಗಳನ್ನು ನಿಲ್ಲಿಸುವುದು ಸೋಂಕಿನ ಹರಡುವಿಕೆಯನ್ನು ತಗ್ಗಿಸಲು ನೆರವಾಗುತ್ತದೆ. ಆದರೆ ಅದು ರೋಗಪೀಡಿತ ಕುರಿಯ ಚಿಕಿತ್ಸೆಗೆ ಬದಲಿಯಲ್ಲ.

ಇಂಗ್ಲೆಂಡಿನ ಸಮೀಕ್ಷೆಗಳಂತೆ, ಕುಂಟುವ ಕುರಿಗಳ ಪ್ರಮಾಣವು 2004ರಲ್ಲಿ ಸುಮಾರು ಶೇ. 10 ಇದ್ದುದು 2013ರ ಹೊತ್ತಿಗೆ ಸುಮಾರು ಶೇ. 5ಕ್ಕೆ ಇಳಿದಿತ್ತು.

ನಮ್ಮಲ್ಲಿ ಕುರಿ, ಮಾಂಸ ಹಾಗೂ ಉಣ್ಣೆಯ ವಹಿವಾಟು ನಡೆಸುವವರೂ ಇದರಿಂದ ಕಲಿಯಬೇಕಾದುದಿದೆ. ಖರೀದಿಗೆ ಮುನ್ನ ಕುರಿಯನ್ನು ನಡೆಸಿ ನೋಡುವುದು, ಗೊರಸುಗಳನ್ನು ಪರೀಕ್ಷಿಸುವುದು ಖರ್ಚಿಲ್ಲದ ಕ್ರಮಗಳು. ಔಷಧಿಯನ್ನು ಪಶುವೈದ್ಯರ ಸಲಹೆಯಂತೆಯೇ ಬಳಸತಕ್ಕದ್ದು. ಪ್ರತಿಜೈವಿಕ ನೀಡಿದ ಕುರಿಯನ್ನು ನಿಗದಿತ ಅವಧಿ ಮುಗಿಯುವವರೆಗೆ ಮಾಂಸಕ್ಕೆ ಮಾರಲಾಗದು. ಒಂದು ಕುರಿಗೆ ಸಕಾಲದಲ್ಲಿ ಮಾಡಿದ ವೆಚ್ಚವು ಇಡೀ ಹಿಂಡಿನ ನಷ್ಟವನ್ನು ತಪ್ಪಿಸಬಲ್ಲುದು.